ಒಂದೇ ದನಿಯ ಇಂಗ್ಲಿಷ್ ಪದಗಳು: ಯಾವುವು ಒಡಹುಟ್ಟಿದವು, ಯಾವುವು ಬರೀ ಹೆಸರಿಗೆ ನೆಂಟರು?

ಪ್ರಶ್ನೆ
ಬೆಟಗೇರಿ ಅಂಗಡಿಕಾರ, ಗದಗ

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನೋಟ್‌ಬುಕ್ಕು, ಪೆನ್ನು, ರಟ್ಟು, ಬಣ್ಣದ ಹಾಳೆ ಮಾರುವ ಸಣ್ಣದೊಂದು ಅಂಗಡಿ ನನ್ನದು. ಶಾಲೆಗಳು ಆರಂಭವಾಗುವುದಕ್ಕೆ ಮೊದಲೇ ಆಗಿಬಿಡಲಿ ಎಂದು ಈಚೆಗೆ ಅಂಗಡಿಗೆ ಹೊಸ ಬೋರ್ಡು ಬರೆಸಿದೆ. ಬಣ್ಣ ಆರುವ ಮುಂಚೆಯೇ ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ರಸ್ತೆಯ ಆಚೆ ಬದಿಗೆ ನಿಂತು, ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿ, 'ಏನೋ ತಮ್ಮಾ, ನನ್ನ ಅಂಗಡಿ ನಿಂತ ಜಾಗಾ ಬಿಟ್ಟು ಕದಲೂದಿಲ್ಲಂತ ಬೋರ್ಡ್ ಬರಿಸೀಯಲ್ಲ' ಎಂದು ನಕ್ಕರು. 'ಸ್ಟೇಷನರಿ' ಪದದ ಕೊನೆಯಲ್ಲಿ 'ಇ' ಇರಬೇಕಾದ ಜಾಗದಲ್ಲಿ ಬರೆದವನು 'ಎ' ಹಾಕಿದ್ದನಂತೆ. 'ಎ' ಇದ್ದರೆ ಅಲುಗಾಡದೆ ನಿಂತಿರುವುದು, 'ಇ' ಇದ್ದರೆ ಬರೆಯುವ ಸಾಮಾನು ಎಂದು ಅವರೇ ಬಿಡಿಸಿ ಹೇಳಿದರು.

ಮನೆಗೆ ಬಂದು ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳ ಮುಂದೆ ಈ ಸಂಗತಿ ಹೇಳಿದೆ. ಅವಳು ತನ್ನ ಇಂಗ್ಲಿಷ್ ನೋಟ್‌ಬುಕ್ಕು ತೆಗೆದು ತೋರಿಸಿದಳು. ಅದರಲ್ಲಿ ಇಂಥ ಜೋಡಿಗಳ ಒಂದು ಪುಟವೇ ಇತ್ತು. ಕಾಲೇಜಿನ 'ಪ್ರಿನ್ಸಿಪಲ್' ಒಂದು, ತತ್ತ್ವ ಎಂಬ ಅರ್ಥದ 'ಪ್ರಿನ್ಸಿಪಲ್' ಇನ್ನೊಂದು. ಹೂವಿಗೂ 'ಫ್ಲವರ್', ಹಿಟ್ಟಿಗೂ 'ಫ್ಲವರ್'. ಹೊಗಳಿಕೆಗೂ ಪೂರಕಕ್ಕೂ ಒಂದೇ 'ಕಾಂಪ್ಲಿಮೆಂಟ್'. ಎನ್‌ವೆಲಪ್‌ನ 'ಇ' ನೆನಪಿಟ್ಟುಕೊಂಡರೆ ಬರೆಯುವ ಸಾಮಾನಿನ ಕಾಗುಣಿತ ತಪ್ಪುವುದಿಲ್ಲ ಎಂಬಂಥ ಉಪಾಯಗಳನ್ನು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಉಪಾಯ ಪರೀಕ್ಷೆಗೆ ಸಾಕು. ನನಗೆ ಬೇಕಾದದ್ದು ಕಾರಣ. ನಮ್ಮ ಓಣಿಯಲ್ಲಿ ಮೂವರು ಬಸವರಾಜರಿದ್ದಾರೆ, ಅವರು ಅಣ್ಣತಮ್ಮಂದಿರೇನಲ್ಲ. ಹಾಗೆಯೇ ಈ ಪದಗಳು ಅಕಸ್ಮಾತ್ತಾಗಿ ಒಂದೇ ದನಿಯವಾದವೇ, ಅಥವಾ ಒಂದೇ ತಾಯಿಯ ಮಕ್ಕಳಾಗಿದ್ದು ಆಮೇಲೆ ಬೇರೆ ಬೇರೆ ಮನೆ ಮಾಡಿಕೊಂಡವೇ? ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ
ಸಾಧನಕೇರಿ ಓದುಗಿ, ಧಾರವಾಡ

ಅಣ್ಣಾ ಅವರೇ, ನಾನು ಕಾಲೇಜಿನಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿ ಈಗ ವಿಶ್ರಾಂತಿಯಲ್ಲಿರುವವಳು. ನಿಮ್ಮ ಮಗಳ ಪುಟದಲ್ಲಿರುವ ಜೋಡಿಗಳೆಲ್ಲವೂ ಒಡಹುಟ್ಟಿದವುಗಳೇ. ನಿಮ್ಮ ಬೋರ್ಡಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಕಥೆ ಎಲ್ಲಕ್ಕಿಂತ ಸೊಗಸಾಗಿದೆ.

ಲ್ಯಾಟಿನ್ ಭಾಷೆಯಲ್ಲಿ 'ಸ್ಟಾರೆ' ಎಂದರೆ ನಿಲ್ಲುವುದು. ನಮ್ಮ ಸ್ಥಾನ, ಸ್ಥಿರ, ಸ್ಥಾವರ ಪದಗಳಲ್ಲಿರುವ ಸಂಸ್ಕೃತದ 'ಸ್ಥಾ' ಧಾತುವಿಗೆ ಅದು ನಿಜವಾಗಿಯೂ ರಕ್ತಸಂಬಂಧಿ. ಮಧ್ಯಯುಗದ ಯುರೋಪಿನಲ್ಲಿ ಸರಕು ಮಾರುವವರಲ್ಲಿ ಬಹಳ ಮಂದಿ ಗಂಟು ಹೊತ್ತುಕೊಂಡು ಊರೂರು, ಜಾತ್ರೆ ಜಾತ್ರೆ ಸುತ್ತುವವರಾಗಿದ್ದರು. ಆದರೆ ವಿಶ್ವವಿದ್ಯಾಲಯಗಳಿದ್ದ ಊರುಗಳಲ್ಲಿ, ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ಒಂದೇ ಜಾಗದಲ್ಲಿ ಅಂಗಡಿ ಹಾಕಿಕೊಂಡು ಗ್ರಂಥಗಳನ್ನು ಮಾರುವ, ನಕಲು ಮಾಡಿಕೊಳ್ಳುವವರಿಗೆ ಬಾಡಿಗೆಗೆ ಕೊಡುವ ಕೆಲವು ವ್ಯಾಪಾರಿಗಳಿದ್ದರು. ಅಲೆಯುವವರ ನಡುವೆ ಇವರು ನೆಲೆ ನಿಂತವರಾದ್ದರಿಂದ ಇವರನ್ನು 'ಸ್ಟೇಷನೇರಿಯಸ್' ಎಂದು ಕರೆದರು. ಇಂಗ್ಲಿಷಿನಲ್ಲಿ ಅದು 'ಸ್ಟೇಷನರ್' ಆಯಿತು. ನಮ್ಮ ಭಾಗದ ಮಾತಿನಲ್ಲಿ ಹೇಳುವುದಾದರೆ ಗಂಟು ಹೊತ್ತವನು ಜಂಗಮ, ಪುಸ್ತಕದವನು ಸ್ಥಾವರ. ಲಂಡನ್ನಿನಲ್ಲಿ ಇವರ ವೃತ್ತಿಸಂಘ 1403ರಲ್ಲಿ ಹುಟ್ಟಿ, 1557ರಲ್ಲಿ ರಾಜಸನ್ನದು ಪಡೆಯಿತು. ಮುಂದೆ ಪುಸ್ತಕ ಮಾರುವ ಕಸುಬು ಬೇರೆಯಾಗಿ, ಕಾಗದ, ಮಸಿ, ಲೇಖನಿ ಮಾತ್ರ ಸ್ಟೇಷನರ್‌ನ ಪಾಲಿಗೆ ಉಳಿದವು. ಅವನು ಮಾರುವ ಸಾಮಾನಿಗೆ 'ಸ್ಟೇಷನರಿ' ಎಂಬ ಹೆಸರು ಬಂದದ್ದು 18ನೆಯ ಶತಮಾನದಲ್ಲಿ.

ಈಗ 'ಇ' ಎಲ್ಲಿಂದ ಬಂತು ಎಂಬುದೂ ತಿಳಿಯುತ್ತದೆ. 'ಬೇಕರ್' ಮಾಡುವುದು 'ಬೇಕರಿ', ಹಾಗೆಯೇ 'ಸ್ಟೇಷನರ್' ಮಾರುವುದು 'ಸ್ಟೇಷನರಿ'. ಎರಡರಲ್ಲೂ ಕಸುಬಿನವನನ್ನು ಸೂಚಿಸುವ 'ಇ-ಆರ್' ಹಾಗೆಯೇ ಉಳಿದಿದೆ. ಬೇಕರಿಯಲ್ಲಿ 'ಎ' ಹಾಕುವವರು ಯಾರೂ ಇಲ್ಲ, ಆದ್ದರಿಂದ ಎನ್‌ವೆಲಪ್ಪಿಗಿಂತ ಬೇಕರಿಯನ್ನು ನೆನೆಯುವುದೇ ಮೇಲು. ನಿಮ್ಮ ಮಾಸ್ತರರು ಕಾಗುಣಿತದ ಮಟ್ಟಿಗೆ ಸರಿ. ಆದರೆ ನಿಮ್ಮ ಅಂಗಡಿ ನಿಂತ ಜಾಗ ಬಿಟ್ಟು ಕದಲದ್ದರಿಂದಲೇ ಆ ಹೆಸರಿಗೆ ಅರ್ಹವಾಗಿದೆ ಎಂದು ಅವರಿಗೆ ನೀವೂ ಒಂದು ಮಾತು ಹೇಳಬಹುದು.

'ಪ್ರಿನ್ಸಿಪಲ್' ಜೋಡಿಯ ಬೇರು 'ಪ್ರೀಮುಸ್', ಅಂದರೆ ಮೊದಲು. ಮೊದಲ ಸ್ಥಾನ ಹಿಡಿದವನು ಲ್ಯಾಟಿನ್ನಿನಲ್ಲಿ 'ಪ್ರಿನ್ಸೆಪ್ಸ್'. ಅದರಿಂದ ಒಂದು ಕಡೆ ಮೊದಲಿಗ, ಮುಖ್ಯಸ್ಥ ಎಂಬ ಅರ್ಥ, ಇನ್ನೊಂದು ಕಡೆ ಉಳಿದೆಲ್ಲಕ್ಕೂ ಮೊದಲಾದ ನಿಯಮ ಎಂಬ ಅರ್ಥ ಹುಟ್ಟಿದವು. ಸಾಲದ ಅಸಲಿಗೂ ಇಂಗ್ಲಿಷಿನವರು ಕಾಲೇಜಿನ ಮುಖ್ಯಸ್ಥರ ಕಾಗುಣಿತವನ್ನೇ ಬಳಸುತ್ತಾರೆ ಎಂದು ಮಕ್ಕಳು ಬೆರಗಾಗುತ್ತಾರೆ. ಕನ್ನಡದವರಿಗೆ ಬೆರಗಾಗಲು ಕಾರಣವೇ ಇಲ್ಲ. 'ಮೊದಲಿಗೇ ಮೋಸ' ಎನ್ನುವಾಗ ನಾವು ಹೇಳುವ ಮೊದಲು ಯಾವುದು? ವ್ಯಾಪಾರಕ್ಕೆ ಹಾಕಿದ ಅಸಲೇ ಅಲ್ಲವೇ.

ಹಿಟ್ಟು ಮತ್ತು ಹೂವಿನದು ಜೋಡಿಯೂ ಅಲ್ಲ, ಅದು ಒಂದೇ ಪದ. ನಮ್ಮ ತಾಯಿ ಗಿರಣಿಯಿಂದ ಬಂದ ಜೋಳದ ಹಿಟ್ಟನ್ನು ಸಾಣಿಗೆಯಲ್ಲಿ ಹಾಕಿ, ಅಂಚಿಗೆ ಅಂಗೈಯಿಂದ ತಟ್ಟುತ್ತ ಕೂರುತ್ತಿದ್ದರು. ಕೆಳಗಿನ ಪರಾತದಲ್ಲಿ ನುಣ್ಣನೆಯ ಬಿಳಿ ಗುಡ್ಡೆ, ಸಾಣಿಗೆಯಲ್ಲಿ ಹೊಟ್ಟು. ಆ ನುಣ್ಣನೆಯ ಭಾಗವೇ ಬೀಸಿದ ಕಾಳಿನ ಹೂವು ಎಂದು ಫ್ರೆಂಚರು ಭಾವಿಸಿದರು. ಇಂಗ್ಲಿಷಿನವರು ಅದನ್ನು ಹಾಗೆಯೇ ತೆಗೆದುಕೊಂಡರು. ಬಹಳ ಕಾಲ ಹೂವನ್ನೂ ಹಿಟ್ಟನ್ನೂ ಒಂದೇ ಕಾಗುಣಿತದಲ್ಲಿ ಬರೆಯುತ್ತಿದ್ದರು. ಗೊಂದಲ ಬೇಡವೆಂದು ಹಿಟ್ಟಿಗೆ ಬೇರೆ ಕಾಗುಣಿತ ಗಟ್ಟಿಯಾಗಿ ನೆಲೆಗೊಂಡದ್ದು 1830ರ ಸುಮಾರಿಗೆ.

'ಕಾಂಪ್ಲಿಮೆಂಟ್' ಎರಡೂ ತುಂಬು ಎಂಬ ಬೇರಿನವು. ಎರಡು ಕೋನ ಸೇರಿ 90 ಡಿಗ್ರಿ ತುಂಬಿಸಿದರೆ ಅದು 'ಇ' ಇರುವ ಕಾಂಪ್ಲಿಮೆಂಟ್. ಸಭ್ಯತೆಗೆ ತಕ್ಕ ಮಾತನಾಡಿ ಮರ್ಯಾದೆಯನ್ನು ತುಂಬಿಕೊಟ್ಟರೆ 'ಐ' ಇರುವುದು. ಅದು ಇಟಲಿ, ಸ್ಪೇನ್, ಫ್ರಾನ್ಸ್ ಸುತ್ತಿಕೊಂಡು ಬಂದದ್ದರಿಂದ ವೇಷ ಬದಲಾಯಿತು. ಮಗಳ ಪುಟದಲ್ಲಿ ಇಲ್ಲದ ಒಂದನ್ನೂ ಸೇರಿಸುತ್ತೇನೆ. ಲೋಹ ಎಂಬ ಅರ್ಥದ 'ಮೆಟಲ್', ಎದೆಗಾರಿಕೆ ಎಂಬ ಅರ್ಥದ 'ಮೆಟಲ್' ಸಹ ಮೂಲದಲ್ಲಿ ಒಂದೇ. ಮನುಷ್ಯ ಯಾವ ಲೋಹದಿಂದ ಆದವನು ಎಂದು ಕೇಳುತ್ತ ಕೇಳುತ್ತ ಆ ಅರ್ಥಕ್ಕೆ ಬೇರೆ ಕಾಗುಣಿತ ಬಂತು. ನಾವು ಲೋಹಕ್ಕೆ ಹೋಗದೆ ಮರಕ್ಕೆ ಹೋದೆವು: ಮರದ ಒಳಗಿನ ಗಟ್ಟಿ ಭಾಗವೂ ಕೆಚ್ಚು, ಎದೆಯೊಳಗಿನದೂ ಕೆಚ್ಚು.


ಉತ್ತರ
ಬ್ಯಾಡಗಿ ಲೆಕ್ಕದವಳು, ಹಾವೇರಿ ಜಿಲ್ಲೆ

ಅಕ್ಕಾ ಅವರ ವಿವರಣೆಯನ್ನು ಓದಿ ನಮ್ಮ ಊರಿನ ಜೋಡಿಯೊಂದನ್ನು ಹೇಳಬೇಕೆನಿಸಿತು. ಬ್ಯಾಡಗಿಯ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕಡ್ಡಿ, ಡಬ್ಬಿ ಎಂದು ಬೇರೆ ಮಾಡಿದ ಮೆಣಸಿನಕಾಯಿ ಚೀಲಗಳ ನಡುವೆ ಕೂತು, ಸೀನುತ್ತ, ಬಿಲ್ಲಿನಲ್ಲಿ 'ಚಿಲ್ಲಿ' ಎಂದು ಬರೆಯುವುದು ನಿತ್ಯದ ಕೆಲಸ. ಕೊನೆಗೆ 'ವೈ' ಹಾಕಿ ಬರೆಯುವುದು ಇಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಬೋರ್ಡು, ಚೀಲ, ರಸೀದಿ ಎಲ್ಲೆಲ್ಲೂ ಅದೇ ಕಾಣುತ್ತದೆ. ಅದರ ಅರ್ಥ ಚಳಿಯ, ಥಂಡಿಯ ಎಂದು ನನಗೆ ಗೊತ್ತಾದದ್ದು ಹೊರ ರಾಜ್ಯದ ಖರೀದಿದಾರರೊಬ್ಬರು, 'ನಿಮ್ಮ ಊರಿನಲ್ಲಿ ಒಣ ಚಳಿಯನ್ನು ಚೀಲದಲ್ಲಿ ತುಂಬಿ ಕಳಿಸುತ್ತೀರಾ' ಎಂದು ಫೋನಿನಲ್ಲಿ ನಕ್ಕಾಗ.

ಆಮೇಲೆ ಹುಡುಕಿ ತಿಳಿದುಕೊಂಡೆ. ಕೊನೆಗೆ 'ಐ' ಇರುವ ಚಿಲ್ಲಿ ಮೆಕ್ಸಿಕೋ ದೇಶದ ಮೂಲನಿವಾಸಿಗಳ ನಹ್ವಾತ್ಲ್ ಭಾಷೆಯದು. 'ವೈ' ಇರುವುದು ಇಂಗ್ಲಿಷಿನ ಸ್ವಂತ ಪದ, 'ಕೋಲ್ಡ್', 'ಕೂಲ್' ಪದಗಳ ಮನೆತನದ್ದು. ಒಂದು ಖಾರ, ಒಂದು ಥಂಡಿ, ಯಾವ ನಂಟೂ ಇಲ್ಲ. ಮೆಣಸಿನಕಾಯಿಯನ್ನು ನಮ್ಮ ಕಡೆಗೆ ತಂದವರು 16ನೆಯ ಶತಮಾನದ ಪೋರ್ಚುಗೀಸರು. ಅದಕ್ಕೂ ಮುಂಚೆ ನಮಗೆ ಖಾರವೆಂದರೆ ಕಾಳುಮೆಣಸು, ಹಾಗಾಗಿ ಹೊಸದಾಗಿ ಬಂದದ್ದನ್ನು ಮೆಣಸಿನ ಕಾಯಿ ಎಂದೆವು. ಸ್ಪೇನಿನವರೂ ಕಾಳುಮೆಣಸಿನ ಹೆಸರನ್ನೇ ತುಸು ತಿರುಚಿ ಇದಕ್ಕೆ ಇಟ್ಟರು, ಇಂಗ್ಲಿಷಿನವರು ಎರಡನ್ನೂ 'ಪೆಪ್ಪರ್' ಎಂದರು. ಆ 'ಪೆಪ್ಪರ್' ಆದರೂ ನಮ್ಮ ದೇಶದಿಂದ ಹೋದದ್ದು: ಸಂಸ್ಕೃತದ ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ, ಗ್ರೀಕ್ ಮತ್ತು ಲ್ಯಾಟಿನ್ ಮೂಲಕ ಅಲ್ಲಿಗೆ ಮುಟ್ಟಿತು. ಹಿಪ್ಪಲಿಯ ಹೆಸರು ಕಾಳುಮೆಣಸಿಗೆ, ಕಾಳುಮೆಣಸಿನ ಹೆಸರು ಕಾಯಿಗೆ!

ನಮ್ಮ ಬಿಲ್ಲುಗಳಲ್ಲಿ ಈಗಲೂ 'ವೈ' ಇದೆ. ಅಚ್ಚಾದ ಪುಸ್ತಕಗಳು ಮುಗಿಯಲಿ ಎನ್ನುತ್ತಾರೆ ಮಾಲೀಕರು.


ಉತ್ತರ
ದುರ್ಗದಬೈಲಿನ ಓದುಗ, ಹುಬ್ಬಳ್ಳಿ

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಲ್ಯಾಟಿನ್, ಗ್ರೀಕ್ ಎಂದು ದೂರ ಹೋಗುವ ಮುನ್ನ ಮನೆಯಲ್ಲೇ ಇರುವುದನ್ನು ನೋಡಬೇಕು ಎಂಬುದು ನನ್ನ ವಿನಂತಿ. ಇಂಗ್ಲಿಷಿನ 'ಕ್ಯಾಷ್' ನಮ್ಮ ಕಾಸಿನಿಂದ ಬಂದದ್ದು ಎಂಬುದು ಯಾರಿಗಾದರೂ ಹೊಳೆಯುತ್ತದೆ. 'ಒನ್' ಎಂಬುದು ಒಂದು, 'ಏಟ್' ಎಂಬುದು ಎಂಟು. ಈಗ ತಂಗಿಯವರು ಹೇಳಿದ ಥಂಡಿಯ 'ಚಿಲ್ಲಿ' ನಮ್ಮ ಚಳಿಯೇ ಅಲ್ಲವೇ? ನಾವು ಮಲಗುವ ಕಾಟನ್ನು ಅವರು 'ಕಾಟ್' ಎನ್ನುತ್ತಾರೆ. ಇಷ್ಟು ಹೋಲಿಕೆಗಳು ಅಕಸ್ಮಾತ್ತಾಗಿ ಬರಲು ಸಾಧ್ಯವೇ ಎಂದು ತಿಳಿದವರು ಹೇಳಬೇಕು.


ಉತ್ತರ
ಸಾಧನಕೇರಿ ಓದುಗಿ, ಧಾರವಾಡ

ಸರ್, ನೀವು ಕೊಟ್ಟ ಐದು ಉದಾಹರಣೆಗಳಲ್ಲಿ ಒಂದು ಪೂರ್ತಿ ಸರಿ, ಒಂದು ಅರ್ಧ ಸರಿ, ಉಳಿದ ಮೂರು ಅಕಸ್ಮಾತ್ತೇ.

ಪೂರ್ತಿ ಸರಿಯಾದದ್ದು ಕಾಟು. ಹಿಂದಿಯ 'ಖಾಟ್', ಅಂದರೆ ಸಂಸ್ಕೃತದ ಖಟ್ವಾ, 17ನೆಯ ಶತಮಾನದಲ್ಲಿ ಇಲ್ಲಿದ್ದ ಇಂಗ್ಲಿಷರ ಬಾಯಿಗೆ ಸೇರಿ 'ಕಾಟ್' ಆಯಿತು. ಆದರೆ ಇಂಗ್ಲಿಷಿನಲ್ಲಿ ಗುಡಿಸಲು ಎಂಬ ಅರ್ಥದ ಇನ್ನೊಂದು 'ಕಾಟ್' ಮೊದಲಿನಿಂದಲೂ ಇತ್ತು, 'ಕಾಟೇಜ್' ಅದರಿಂದ ಬಂದದ್ದು. ಕಾಟೇಜಿನೊಳಗೆ ಕಾಟು ಹಾಕಿದರೂ ಅವೆರಡು ಬೀಗರಾಗುವುದಿಲ್ಲ.

ಅರ್ಧ ಸರಿಯಾದದ್ದು ಕಾಸು. ಇಂಗ್ಲಿಷಿನಲ್ಲಿ 'ಕ್ಯಾಷ್' ಎರಡು ಇವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ರೊಕ್ಕ ಎಂಬ ಅರ್ಥದ್ದು ಇಟಲಿಯ 'ಕಾಸಾ', ಫ್ರಾನ್ಸಿನ 'ಕೇಸ್' ಪದಗಳಿಂದ ಬಂದದ್ದು. ಅವುಗಳ ಅರ್ಥ ಪೆಟ್ಟಿಗೆ. ಮೊದಮೊದಲು ಇಂಗ್ಲಿಷಿನಲ್ಲಿಯೂ 'ಕ್ಯಾಷ್' ಎಂದರೆ ಗಲ್ಲಾಪೆಟ್ಟಿಗೆ ಎಂದೇ ಅರ್ಥವಿತ್ತು, ಆಮೇಲೆ ಅದರೊಳಗಿನ ರೊಕ್ಕಕ್ಕೆ ಆ ಹೆಸರು ಜಾರಿತು. ಇನ್ನೊಂದು 'ಕ್ಯಾಷ್' ದಕ್ಷಿಣ ಭಾರತದ ಸಣ್ಣ ನಾಣ್ಯದ ಹೆಸರು. ಕಂಪನಿಯ ಕಾಲದ ಮದರಾಸಿನಲ್ಲಿ 80 ಕ್ಯಾಷ್ ಕೂಡಿದರೆ ಒಂದು ಫಣಂ, ಅಂದರೆ ನಮ್ಮ ಹಣ. ಈ ನಾಣ್ಯದ ಹೆಸರು ತಮಿಳಿನ ಕಾಸಿನಿಂದ ಪೋರ್ಚುಗೀಸರ ಬಾಯಿಯ ಮೂಲಕ ಹೋದದ್ದು. ಪೋರ್ಚುಗೀಸಿನಲ್ಲಿ ಪೆಟ್ಟಿಗೆಗೂ ಈ ನಾಣ್ಯಕ್ಕೂ ಒಂದೇ ದನಿ ಬಿದ್ದದ್ದರಿಂದ ಎರಡೂ ಗಂಟುಬಿದ್ದವು. ನಮ್ಮ ಕಾಸು ಇಂಗ್ಲಿಷಿಗೆ ಹೋದದ್ದು ಸುಳ್ಳಲ್ಲ, ಆದರೆ ಬ್ಯಾಂಕಿನಲ್ಲಿ ಎಣಿಸಿ ಕೊಡುವುದು ಆ ಕಾಸನ್ನಲ್ಲ.

ಇನ್ನು ಒಂದು ಮತ್ತು ಎಂಟು. ನಂಟು ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಇಂದಿನ ಮುಖ ನೋಡಬಾರದು, ಹಳೆಯ ಮುಖ ನೋಡಬೇಕು. ಒಬ್ಬರನ್ನೇ ನೋಡಬಾರದು, ಮನೆಮಂದಿಯನ್ನೆಲ್ಲ ನೋಡಬೇಕು. 'ಒನ್' ಪದದ ಮೊದಲಿಗೆ ಕೇಳುವ 'ವ' ದನಿ ತಡವಾಗಿ ಸೇರಿದ್ದು. ಹಳೆಯ ಇಂಗ್ಲಿಷಿನಲ್ಲಿ ಅದು 'ಆನ್'. ಆ 'ವ' ಇಲ್ಲದ ಹಳೆಯ ಚಹರೆಯನ್ನು 'ಓನ್ಲಿ', 'ಅಲೋನ್' ಪದಗಳಲ್ಲಿ ಈಗಲೂ ಕಾಣಬಹುದು. 'ಏಟ್' ಹಿಂದೆ 'ಎಆಹ್ತ' ಆಗಿತ್ತು. ಲ್ಯಾಟಿನ್ನಿನ 'ಆಕ್ಟೊ', ಸಂಸ್ಕೃತದ ಅಷ್ಟ ಅದರ ಬಳಗ. ನಮ್ಮ ಎಂಟರ ಬೇರು 'ಎಣ್', ಅದು ಎಂಬತ್ತರಲ್ಲಿ ಉಳಿದಿದೆ. ಮನೆಮಂದಿಯನ್ನು ನೋಡಿದರೆ 'ಟೂ' ಎದುರಿಗೆ ನಮ್ಮ ಎರಡು ನಿಲ್ಲುವುದಿಲ್ಲ, 'ತ್ರೀ' ಎದುರಿಗೆ ಮೂರು ನಿಲ್ಲುವುದಿಲ್ಲ. ಸಂಸ್ಕೃತದ ದ್ವಿ, ತ್ರಿ ಸಾಲಾಗಿ ಬಂದು ನಿಲ್ಲುತ್ತವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇಂಥ ಸಾಲುಸಾಲು ಹೋಲಿಕೆಯ ಬಲದ ಮೇಲೆ. ಕನ್ನಡದ ಮನೆತನ ಬೇರೆ, ಅದು ದ್ರಾವಿಡ. ಚಳಿ ಮತ್ತು 'ಚಿಲ್ಲಿ' ದನಿಯಲ್ಲೂ ಅರ್ಥದಲ್ಲೂ ಹೊಂದುವುದರಿಂದ ಯಾರೂ ಮೋಸಹೋಗುವಂತಿದೆ, ನಾನೂ ಹುಡುಗಿಯಾಗಿದ್ದಾಗ ಹೋಗಿದ್ದೆ.

ಇಂಗ್ಲಿಷಿನ ಒಳಗೇ ಇಂಥ ಮೋಸವಿದೆ. ಕಿವಿಗೂ 'ಇಯರ್', ತೆನೆಗೂ 'ಇಯರ್', ಕಾಗುಣಿತವೂ ಒಂದೇ. ಜೋಳದ ತೆನೆ ದಂಟಿನ ಮೇಲೆ ಕಿವಿಯ ಹಾಗೆ ಕಾಣುತ್ತದೆ ಎಂದು ತರಗತಿಯಲ್ಲಿ ಜಾಣ ವಿದ್ಯಾರ್ಥಿಗಳು ವಾದಿಸುತ್ತಿದ್ದರು. ವಾಸ್ತವದಲ್ಲಿ ತೆನೆಯದು ಚೂಪು ಎಂಬ ಬೇರು, ಕಾಳಿನ ಮೊನೆಯಿಂದ ಬಂದದ್ದು. ಕಿವಿಯದು ಬೇರೆಯೇ ಬೇರು. ಜರ್ಮನ್ ಭಾಷೆಯಲ್ಲಿ ತೆನೆ 'ಏರೆ', ಕಿವಿ 'ಓರ್' ಎಂದು ಇಂದಿಗೂ ಬೇರೆಯಾಗಿವೆ. 1894ರಲ್ಲಿ ಕನ್ನಡ ನಿಘಂಟು ಹೊರತಂದ ಕಿಟೆಲ್ ಸಾಹೇಬರ ತಾಯ್ನುಡಿ ಜರ್ಮನ್. ಅವರಿಗೆ ಈ ಗೊಂದಲವೇ ಹುಟ್ಟುತ್ತಿರಲಿಲ್ಲ.

ಇದಕ್ಕೆ ತಿರುವುಮುರುವಾದ ಮೋಸವೂ ಉಂಟು. ನದಿಯ ದಂಡೆಗೂ ರೊಕ್ಕದ ಮನೆಗೂ 'ಬ್ಯಾಂಕ್' ಎನ್ನುವುದು ಅಕಸ್ಮಾತ್ತೆಂದು ತೋರುತ್ತದೆ, ಆದರೆ ಅವು ದೂರದ ದಾಯಾದಿಗಳು. ಇಟಲಿಯ ಸಾಹುಕಾರರು ಬೆಂಚು ಹಾಕಿಕೊಂಡು ನಾಣ್ಯ ಬದಲಿಸುತ್ತಿದ್ದರು, ಆ ಬೆಂಚೇ 'ಬಾಂಕಾ'. ಏರಿಸಿದ ದಂಡೆ, ಏರಿಸಿದ ಆಸನ ಎರಡಕ್ಕೂ ಹಳೆಯ ಜರ್ಮನಿಕ್ ಭಾಷೆಯ ಒಂದೇ ಪದ ಮೂಲ. ಅರಳಿ ಮರದ ಸುತ್ತಲಿನ ಕಟ್ಟೆಯ ಮೇಲೆ ಕೂತು ಕೆರೆಯ ಕಟ್ಟೆಯನ್ನು ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.


ಪ್ರಶ್ನಿಸಿದವರ ಮಾತು
ಬೆಟಗೇರಿ ಅಂಗಡಿಕಾರ, ಗದಗ

ಎಲ್ಲರಿಗೂ ತುಂಬ ಋಣಿಯಾಗಿದ್ದೇನೆ. ಬೋರ್ಡು ಬರೆದವನನ್ನು ಕರೆಸಿ 'ಎ' ಮೇಲೆ ಬಿಳಿ ಬಣ್ಣ ಬಳಿಸಿ 'ಇ' ಬರೆಸಿದೆ. ಬಿಸಿಲು ಓರೆಯಾಗಿ ಬಿದ್ದಾಗ ಹಳೆಯ ಅಕ್ಷರ ಅಡಿಯಲ್ಲಿ ತೋರುತ್ತದೆ. ಇರಲಿ, ಅಕ್ಕಾ ಅವರು ಹೇಳಿದ ಪ್ರಕಾರ ಅದೂ ಮನೆಯದೇ.

ಇನ್ನೆರಡು ಸಂದೇಹ. ಕನ್ನಡವನ್ನು ನುಡಿದಂತೆ ಬರೆಯುತ್ತೇವೆ ಎನ್ನುತ್ತಾರೆ. ಹಾಗಿದ್ದರೆ ದನಿ ಒಂದು, ಬರಹ ಬೇರೆ ಎಂಬ ತೊಡಕು ನಮಗೆ ಎಂದೂ ಇರಲಿಲ್ಲವೇ? ಎರಡನೆಯದು ಮಗಳದು. ವಿದ್ಯಾರ್ಥಿಗೂ 'ಪ್ಯೂಪಿಲ್', ಕಣ್ಣಿನ ನಡುವಿನ ಕಪ್ಪು ಭಾಗಕ್ಕೂ 'ಪ್ಯೂಪಿಲ್'. ಇವು ಒಡಹುಟ್ಟಿದವೇ, ಓಣಿಯ ಬಸವರಾಜರೇ?


ಉತ್ತರ
ಲಕ್ಕುಂಡಿ ದಾರಿಯವ, ಗದಗ

ನಾನು ಕನ್ನಡ ಕಲಿಸುವವನು, ಆದ್ದರಿಂದ ಮೊದಲ ಸಂದೇಹಕ್ಕೆ ಉತ್ತರಿಸುವ ಹಕ್ಕು ನನ್ನದೆಂದು ಭಾವಿಸುತ್ತೇನೆ.

ನಮಗೂ ಆ ತೊಡಕು ಬಂದಿತ್ತು, ನಾವು ಅದನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡೆವು. ಹಳಗನ್ನಡದಲ್ಲಿ ಈಗಿನ 'ರ' ಜೊತೆಗೆ 'ಱ', 'ಳ' ಜೊತೆಗೆ 'ೞ' ಎಂಬ ಬೇರೆ ದನಿಗಳೂ ಅಕ್ಷರಗಳೂ ಇದ್ದವು. 'ಕರೆ' ಎಂದರೆ ಬಾ ಎಂದು ಕೂಗುವುದು, 'ಕಱೆ' ಎಂದರೆ ಹಾಲು ಹಿಂಡುವುದು. 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಕಾಲಕ್ರಮದಲ್ಲಿ ಬಾಯಿಯಲ್ಲಿ ಆ ದನಿಗಳು ಒಂದಾಗತೊಡಗಿದವು. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನು ಯಾವ ಪದದಲ್ಲಿ 'ೞ' ಬರಬೇಕು ಎಂದು ಪಟ್ಟಿ ಮಾಡಿ ಹೇಳಬೇಕಾಗಿ ಬಂದದ್ದೇ, ಆ ವೇಳೆಗೆ ಜನ ತಪ್ಪುತ್ತಿದ್ದರು ಎಂಬುದಕ್ಕೆ ಸಾಕ್ಷಿ. ನಿಮ್ಮ ಬೋರ್ಡಿನವನ ಹಾಗೆ ಆಗಲೂ ತಪ್ಪು ಬರೆಯುವವರಿದ್ದರು ಎಂದು ಸಮಾಧಾನ ಮಾಡಿಕೊಳ್ಳಿ.

ಇಂಗ್ಲಿಷಿನಲ್ಲಿ ಆದದ್ದೂ ಇದೇ. ಮಾಂಸದ 'ಮೀಟ್', ಭೇಟಿಯ 'ಮೀಟ್' ಪದಗಳ ಸ್ವರ ಹಿಂದೆ ಬೇರೆ ಬೇರೆಯಾಗಿತ್ತು, ಅದಕ್ಕೇ ಒಂದಕ್ಕೆ 'ಇ-ಎ', ಇನ್ನೊಂದಕ್ಕೆ 'ಇ-ಇ'. ಸಮುದ್ರದ 'ಸೀ', ನೋಡುವ 'ಸೀ' ಕೂಡ ಹಾಗೆಯೇ. ಸುಮಾರು 1700ರ ವೇಳೆಗೆ ಆ ಸ್ವರಗಳು ಕೂಡಿಹೋದವು. 'ಗ್ರೇಟ್', 'ಬ್ರೇಕ್' ಎಂಬಂಥ ಕೆಲವು 'ಇ-ಎ' ಬರೆದುಕೊಂಡು ಈಗಲೂ ಬೇರೆ ದನಿ ಹೊರಡಿಸುತ್ತವೆ. 'ನೈಟ್' ಎಂಬ ಸರದಾರನ ಮುಂದಿನ 'ಕೆ' ಅಕ್ಷರವನ್ನೂ ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದ ಮೇಲೆ ಕಾಗುಣಿತ ಮೊಳೆಯಲ್ಲಿ ಗಟ್ಟಿಯಾಗುತ್ತ ಹೋಯಿತು, ಬಾಯಿ ಮಾತ್ರ ತನ್ನ ಪಾಡಿಗೆ ಬದಲಾಗುತ್ತಲೇ ಇತ್ತು. ಅವರು ಸತ್ತ ದನಿಯ ಅಕ್ಷರವನ್ನು ಉಳಿಸಿಕೊಂಡರು, ನಾವು ದನಿಯ ಜೊತೆಗೆ ಅಕ್ಷರವನ್ನೂ ಬಿಟ್ಟೆವು. ಹಾಗಾಗಿ ನಮ್ಮ ಮಕ್ಕಳಿಗೆ ಕಾಗುಣಿತ ಸುಲಭ, ಆದರೆ ಪದದ ಹಿಂದಿನ ಊರು ಯಾವುದೆಂದು ಬರಹದಿಂದ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಇದರಲ್ಲಿ ನಮಗೆ ನಷ್ಟವೇ ಹೆಚ್ಚು. ಒಪ್ಪದವರು ಬಹಳ ಮಂದಿ ಇರಬಹುದು.

ಎಲ್ಲ ಜೋಡಿಗಳಿಗೂ ಹಳೆಯ ಅಕ್ಷರ ನೆರವಾಗುತ್ತದೆ ಎಂದಲ್ಲ. ನೀವು 'ಬಣ್ಣ ಆರುವ ಮುಂಚೆಯೇ' ಎಂದು ಬರೆದಿದ್ದೀರಿ. ಆ ಆರು, ಎಣಿಕೆಯ ಆರು ಎರಡಕ್ಕೂ ಹಳಗನ್ನಡದಲ್ಲಿಯೂ 'ಱ' ಒಂದೇ. ನಮ್ಮ ಕಡೆಯ ಮಾತಿನಲ್ಲಿ ಕೊನೆಯ 'ಎ' ಹೋಗಿ 'ಇ' ಆಗುವುದರಿಂದ ಹೊಸ ಜೋಡಿಗಳೂ ಹುಟ್ಟುತ್ತವೆ: ಮನೆಗೆ ಬಂದವರನ್ನು ಒಳಗೆ ಕರಿ, ಮಿರ್ಚಿ ಕರಿ, ಕರಿ ಎಮ್ಮಿ, ಕಾರಹುಣ್ಣಿಮೆಯಲ್ಲಿ ಎತ್ತು ಓಡಿಸಿ ಹರಿಯುವ ಕರಿ. ಹೊರಗಿನವರಿಗೆ ತಲೆ ತಿರುಗುತ್ತದೆ, ನಮಗೆ ಒಮ್ಮೆಯೂ ಗೊಂದಲವಾಗಿಲ್ಲ, ಏಕೆಂದರೆ ಅಕ್ಕಪಕ್ಕದ ಪದಗಳೇ ಅರ್ಥ ಹೇಳಿಬಿಡುತ್ತವೆ.

ಮಗಳ ಸಂದೇಹಕ್ಕೆ ಉತ್ತರ: ಒಡಹುಟ್ಟಿದವೇ. ಲ್ಯಾಟಿನ್ನಿನಲ್ಲಿ 'ಪೂಪಾ' ಎಂದರೆ ಹುಡುಗಿ, ಗೊಂಬೆ. ಪೋಷಕರ ಆಸರೆಯಲ್ಲಿ ಬೆಳೆಯುವ ತಬ್ಬಲಿ ಹುಡುಗ 'ಪೂಪಿಲ್ಲುಸ್'. ಆಸರೆಯಲ್ಲಿ ಬೆಳೆಯುವವನು ಎಂಬ ಅರ್ಥ ಜಾರಿ ಗುರುವಿನ ಬಳಿ ಕಲಿಯುವವನು ಎಂದಾಯಿತು. ಪುಟ್ಟ ಗೊಂಬೆ 'ಪೂಪಿಲ್ಲಾ', ಅದೇ ಕಣ್ಣಿನ ಕಪ್ಪಿನ ಹೆಸರು. ಕಣ್ಣಿನಲ್ಲಿ ಗೊಂಬೆ ಎಲ್ಲಿಂದ ಬಂತು ಎಂದು ಲ್ಯಾಟಿನ್ ಓದುವವರಿಗೆ ವಿವರಿಸಬೇಕಾಗುತ್ತದೆ. ಕನ್ನಡದವರಿಗೆ ಬೇಕಿಲ್ಲ, ಏಕೆಂದರೆ ನಾವೂ ಅದನ್ನು ಕಣ್ಣುಪಾಪೆ ಎನ್ನುತ್ತೇವೆ, ಪಾಪೆ ಎಂದರೆ ಗೊಂಬೆ. ತಮಿಳಿನ ಪಾವೈ ಗೊಂಬೆಯೂ ಹೌದು, ಕಣ್ಣಿನ ಕಪ್ಪೂ ಹೌದು. ಸಂಸ್ಕೃತದ ಕನೀನಿಕಾ, ಗ್ರೀಕಿನ 'ಕೋರೆ' ಎರಡಕ್ಕೂ ಹುಡುಗಿ ಎಂಬ ಅರ್ಥವೂ ಕಣ್ಣಿನ ಕಪ್ಪು ಎಂಬ ಅರ್ಥವೂ ಇವೆ.

ದುರ್ಗದಬೈಲಿನ ಸರ್ ಅವರು ಇಲ್ಲಿ 'ಪೂಪಾ' ಮತ್ತು ಪಾಪೆಯ ದನಿಯನ್ನು ಹಿಡಿದು ಮತ್ತೆ ನಂಟು ಕಟ್ಟದಿರಲಿ ಎಂದು ಮೊದಲೇ ಹೇಳುತ್ತೇನೆ. ನಮ್ಮ ಪಾಪೆ, ತಮಿಳಿನ ಪಾವೈ, ತೆಲುಗಿನ ಪಾಪ ಒಂದು ಬಳಗ. ಅದಕ್ಕೂ ಲ್ಯಾಟಿನ್ನಿಗೂ ಕೊಡುಕೊಳೆ ಇಲ್ಲ. ಇಷ್ಟು ಜನ ಇಷ್ಟು ದೂರ ದೂರದಲ್ಲಿ ಒಂದೇ ಹೆಸರು ಇಟ್ಟದ್ದು ಎಲ್ಲರೂ ಒಂದೇ ವಸ್ತುವನ್ನು ಕಂಡದ್ದರಿಂದ. ಏನನ್ನು ಕಂಡರು ಎಂಬುದನ್ನು ನಿಮ್ಮ ಮಗಳೇ ಪರೀಕ್ಷಿಸಲಿ: ಬೆಳಕಿಗೆ ಮುಖ ಮಾಡಿ ನಿಮ್ಮನ್ನು ಕೂರಿಸಿ, ಒಂದು ಗೇಣು ದೂರದಿಂದ ನಿಮ್ಮ ಕಣ್ಣಿನ ಕಪ್ಪನ್ನು ದಿಟ್ಟಿಸಿ ನೋಡಲಿ.


ಪ್ರಶ್ನಿಸಿದವರ ಮಾತು
ಬೆಟಗೇರಿ ಅಂಗಡಿಕಾರ, ಗದಗ

ಇಂದು ಮುಂಜಾನೆ ಅಂಗಡಿಯ ಬಾಗಿಲು ತೆಗೆದ ಮೇಲೆ ಅವಳು ನನ್ನನ್ನು ಹೊಸ್ತಿಲ ಬಳಿಯ ಸ್ಟೂಲಿನ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಿಸಿದಳು. ಕಣ್ಣು ಮಿಟುಕಿಸಬೇಡ ಎಂದು ಗದರಿಸಿ, ಉಸಿರು ಬಿಗಿಹಿಡಿದು ನೋಡಿದಳು. ಎರಡು ಜಡೆ ಹಾಕಿಕೊಂಡ ಒಬ್ಬಳು ಬೆರಳಿನ ಉಗುರಿಗಿಂತಲೂ ಚಿಕ್ಕವಳು ಒಳಗೆ ನಿಂತಿದ್ದಾಳಂತೆ.